ಮೊದಲು ನೆಲ ಹಂಚಿ: ಸೌಮ್ಯ ಸಿಕ್ಲಿಡ್‌ಗಳನ್ನೂ ತಳದ ಮೀಸೆಮೀನುಗಳನ್ನೂ ಒಂದೇ ತೊಟ್ಟಿಯಲ್ಲಿ ಸಾಕುವ ಕ್ರಮ

ಸಿಕ್ಲಿಡ್ ಎಂದರೆ ಜಗಳಗಂಟ ಮೀನು, ಅದರ ಜೊತೆ ಬೇರೆ ಯಾವುದನ್ನೂ ಬಿಡಬಾರದು ಎಂಬ ಮಾತು ಮೀನು ಸಾಕುವವರಲ್ಲಿ ರೂಢಿಯಾಗಿದೆ. ಅಂಗಡಿಗಳಲ್ಲಿ ಆಸ್ಕರ್, ಫ್ಲವರ್‌ಹಾರ್ನ್‌ಗಳನ್ನಷ್ಟೇ ಕಂಡವರಿಗೆ ಹಾಗೆನ್ನಿಸುವುದು ಸಹಜ. ಆದರೆ ಅದೇ ಕುಟುಂಬದ ಏಂಜೆಲ್, ಕೀಹೋಲ್, ಬೊಲಿವಿಯನ್ ರ‍್ಯಾಮ್‌ಗಳು ಸೌಮ್ಯ ಮೀನುಗಳು. ಕೋರಿಡೋರಾಸ್‌ನಂಥ ಸಣ್ಣ ಮೀಸೆಮೀನುಗಳೊಡನೆ, ಅಂದರೆ ಕ್ಯಾಟ್‌ಫಿಶ್‌ಗಳೊಡನೆ, ಅವು ವರ್ಷಗಟ್ಟಲೆ ಹೊಂದಿಕೊಂಡು ಬಾಳುತ್ತವೆ. ಕುಮಟೆಯ ಮನೆಯಲ್ಲೊಂದು, ಶಿರಸಿ ಹತ್ತಿರದ ಹಿರಿಯರ ಮನೆಯಲ್ಲೊಂದು ತೊಟ್ಟಿಯನ್ನು ಬಹುಕಾಲ ನೋಡಿಕೊಂಡ ಮೇಲೆ ನನಗೆ ಮನವರಿಕೆಯಾದದ್ದು ಇಷ್ಟು: ಇವುಗಳ ನಡುವಿನ ಜಗಳಕ್ಕೆ ಸ್ವಭಾವಕ್ಕಿಂತ ಹೆಚ್ಚಾಗಿ ನೆಲವೇ ಕಾರಣ. ಮೊಟ್ಟೆಯಿಡುವ ಕಾಲದಲ್ಲಿ ಸಿಕ್ಲಿಡ್ ಒಂದು ಕಲ್ಲನ್ನೋ ಗುಹೆಯನ್ನೋ ತನ್ನದೆಂದು ಕಾಯತೊಡಗುತ್ತದೆ. ಮೀಸೆಮೀನಾದರೋ ಹಗಲಿರುಳು ಅದೇ ನೆಲವನ್ನು ಮೂಸುತ್ತ ತಿರುಗುವ ಪ್ರಾಣಿ, ಅದಕ್ಕೆ ಗಡಿ ಎಂಬುದು ತಿಳಿಯದು. ಆದ್ದರಿಂದ ಯಾವ ಮೀನು ತರಬೇಕು ಎನ್ನುವುದಕ್ಕಿಂತ ಮೊದಲು ತೊಟ್ಟಿಯ ತಳವನ್ನು ಯಾರಿಗೆ ಎಷ್ಟು ಕೊಡಬೇಕು ಎಂದು ಯೋಚಿಸಬೇಕು. ಅದಕ್ಕೂ ಮೊದಲು ನೋಡಬೇಕಾದದ್ದು ನೀರು.

ನಿಮ್ಮ ಬಾವಿಯ ನೀರನ್ನು ಅರಿಯಿರಿ

ನಮ್ಮ ಉತ್ತರ ಕನ್ನಡ ಜಿಲ್ಲೆಯ ಹೆಚ್ಚಿನ ಬಾವಿಗಳು ಚಿರೆಕಲ್ಲಿನ, ಅಂದರೆ ಜಂಬಿಟ್ಟಿಗೆಯ, ನೆಲದಲ್ಲಿವೆ. ಮಳೆಯ ನೀರು ಈ ಕಲ್ಲಿನ ಮೂಲಕ ಇಳಿದು ಬರುವಾಗ ಅದಕ್ಕೆ ಸುಣ್ಣದ ಅಂಶ ಸಿಗುವುದು ತೀರ ಕಡಿಮೆ. ಹೀಗಾಗಿ ನೀರು ಮೃದುವಾಗಿಯೂ ಸ್ವಲ್ಪ ಆಮ್ಲೀಯವಾಗಿಯೂ ಇರುತ್ತದೆ. ಅಮೆಜಾನ್ ಕಡೆಯಿಂದ ಬಂದ ಏಂಜೆಲ್‌ಗಾಗಲಿ, ದಕ್ಷಿಣ ಅಮೆರಿಕದ ಕೋರಿಡೋರಾಸ್‌ಗಾಗಲಿ ಇಂಥ ನೀರು ಹಿತವಾದದ್ದು. ಬಯಲುಸೀಮೆಯವರು ಗಡಸು ಬೋರ್‌ವೆಲ್ ನೀರನ್ನು ಮೃದುವಾಗಿಸಲು ಪಡುವ ಶ್ರಮ ನಮಗಿಲ್ಲ. ಆದರೆ ಈ ಅನುಕೂಲದಲ್ಲೇ ಒಂದು ಅಪಾಯವೂ ಅಡಗಿದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಮೀನಿನ ಕಿವಿರು ಮತ್ತು ಮಲದಿಂದ ಬರುವ ಅಮೋನಿಯಾವನ್ನು ಫಿಲ್ಟರಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟ್ ಆಗಿಯೂ ಆಮೇಲೆ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಈ ಕ್ರಿಯೆಯಲ್ಲಿ ಆಮ್ಲ ಹುಟ್ಟುತ್ತದೆ. ಆ ಆಮ್ಲವನ್ನು ತಡೆದು ಹಿಡಿಯುವುದು ನೀರಿನಲ್ಲಿರುವ ಕಾರ್ಬೊನೇಟ್ ಅಂಶ, ಅಂದರೆ ಪರೀಕ್ಷೆಯ ಕಿಟ್‌ಗಳಲ್ಲಿ ಕೆಎಚ್ ಎಂದು ಬರೆದಿರುವುದು. ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗುವಷ್ಟರಲ್ಲಿ, ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ ಹೇಳುವುದಾದರೆ, ಸುಮಾರು 7 ಮಿಲಿಗ್ರಾಂ ಕಾರ್ಬೊನೇಟ್ ಮುಗಿದುಹೋಗುತ್ತದೆ. ನಿಮ್ಮ ಬಾವಿಯ ನೀರಿನಲ್ಲಿ ಲೀಟರಿಗೆ 20 ಮಿಲಿಗ್ರಾಂ ಮಾತ್ರ ಇದ್ದು, ತೊಟ್ಟಿಯಲ್ಲಿ ದಿನಕ್ಕೆ ಲೀಟರಿಗೆ ಅರ್ಧ ಮಿಲಿಗ್ರಾಂ ಅಮೋನಿಯಾ ಸಾರಜನಕ ಹುಟ್ಟುತ್ತಿದ್ದರೆ, ಆರೇ ದಿನದಲ್ಲಿ ಆ ಸಂಗ್ರಹ ಬರಿದಾಗುತ್ತದೆ. ಆಮೇಲೆ ಪಿಎಚ್ (ಆಮ್ಲೀಯತೆಯ ಅಳತೆ, 7ಕ್ಕಿಂತ ಇಳಿದಷ್ಟೂ ನೀರು ಆಮ್ಲೀಯ) ಸರ್ರನೆ 6ರ ಕೆಳಗೆ ಜಾರುತ್ತದೆ, ಬ್ಯಾಕ್ಟೀರಿಯಾಗಳು ಮಂಕಾಗುತ್ತವೆ, ಅಮೋನಿಯಾ ಸಂಗ್ರಹವಾಗತೊಡಗುತ್ತದೆ. ಆಮ್ಲೀಯ ನೀರಿನಲ್ಲಿ ಅದು ಹೆಚ್ಚಾಗಿ ಅಮೋನಿಯಂ ರೂಪದಲ್ಲಿ ಇರುವುದರಿಂದ ಮೀನುಗಳು ಆಗಲೇ ಸಾಯುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ. ತಿಂಗಳುಗಟ್ಟಲೆ ನೀರು ಬದಲಿಸದೆ ಇದ್ದು, ಒಂದು ದಿನ ಹೆಚ್ಚು ಪಿಎಚ್ ಇರುವ ನಲ್ಲಿ ನೀರನ್ನು ಅರ್ಧ ತೊಟ್ಟಿ ತುಂಬಿಸಿದಾಗ ಆ ಅಮೋನಿಯಂ ವಿಷಕಾರಿ ಅಮೋನಿಯಾ ಆಗಿ ತಿರುಗುತ್ತದೆ. ನೀರು ಬದಲಿಸಿದ್ದಕ್ಕೇ ಮೀನು ಸತ್ತವು ಎಂದು ಜನ ದೂರುವುದು ಇಂಥ ಸಂದರ್ಭದಲ್ಲಿಯೇ.

ಇದಕ್ಕೆ ಪರಿಹಾರ ನಮ್ಮ ನದೀಮುಖಗಳಲ್ಲೇ ಇದೆ. ಬೆಳಚು ಎನ್ನುವ ಚಿಪ್ಪುಮೀನಿನ ಸಾರು ಮಾಡಿದ ಮನೆಯಲ್ಲಿ ಉಳಿಯುವ ಚಿಪ್ಪುಗಳನ್ನು ಚೆನ್ನಾಗಿ ತಿಕ್ಕಿ ತೊಳೆದು, ಕುದಿಸಿ, ಒಣಗಿಸಿ, ಒರಟಾಗಿ ಕುಟ್ಟಿ, 150 ಲೀಟರಿನ ತೊಟ್ಟಿಗೆ ಒಂದು ಹಿಡಿಯಷ್ಟನ್ನು ತೆಳುವಾದ ಬಟ್ಟೆಯ ಚೀಲದಲ್ಲಿ ಕಟ್ಟಿ ಫಿಲ್ಟರಿನ ನೀರು ಹರಿಯುವಲ್ಲಿ ಇಡಿ. ಚಿಪ್ಪು ಸುಣ್ಣದ ಕಾರ್ಬೊನೇಟ್. ನೀರು ಆಮ್ಲೀಯವಾದಷ್ಟೂ ಅದು ಬೇಗ ಕರಗುತ್ತದೆ, ಪಿಎಚ್ 7 ದಾಟಿದಂತೆ ಕರಗುವ ವೇಗ ತಾನಾಗಿ ತಗ್ಗುತ್ತದೆ. ವಾರಕ್ಕೊಮ್ಮೆ ಕೆಎಚ್ ಅಳೆದು 3ರಿಂದ 4 ಡಿಗ್ರಿ, ಅಂದರೆ ಲೀಟರಿಗೆ 55ರಿಂದ 70 ಮಿಲಿಗ್ರಾಂ ಆಸುಪಾಸಿನಲ್ಲಿ ಇರುವಂತೆ ಚಿಪ್ಪನ್ನು ಹೆಚ್ಚು ಕಡಿಮೆ ಮಾಡಿ. ಅಡುಗೆ ಸೋಡಾ ಹಾಕಿ ಒಮ್ಮೆಲೇ ಏರಿಸುವುದಕ್ಕಿಂತ ಇದು ಎಷ್ಟೋ ಸುರಕ್ಷಿತ.

ಕಡಲಿಗೆ ತೀರ ಹತ್ತಿರದ ಮನೆಯವರಿಗೆ ಇನ್ನೊಂದು ಎಚ್ಚರಿಕೆ: ಏಪ್ರಿಲ್, ಮೇ ತಿಂಗಳಲ್ಲಿ ಕೆಲವು ಬಾವಿಗಳಿಗೆ ಉಪ್ಪು ಸೇರುತ್ತದೆ. ಕೋರಿಡೋರಾಸ್ ಉಪ್ಪನ್ನು ಸಹಿಸುವುದಿಲ್ಲ. ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರಿನ ಅಂಕಿ ಹಠಾತ್ತನೆ ಏರಿದರೆ ಆ ನೀರನ್ನು ಬಿಡಿ. ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದರೆ, ಅಥವಾ ನಲ್ಲಿ ನೀರಿಗೆ ಕ್ಲೋರಿನ್ ವಾಸನೆ ಇದ್ದರೆ, ಅಗಲ ಬಾಯಿಯ ಪಾತ್ರೆಯಲ್ಲಿ ಗಾಳಿಯಾಡಿಸಿ ಒಂದು ದಿನ ಇಟ್ಟು ಬಳಸಿ. ಅವಸರವಿದ್ದರೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ.

ಘಟ್ಟದ ಮೇಲಿನ ಅಡಿಕೆ ತೋಟದವರಿಗೆ ಹೇಳಲೇಬೇಕಾದದ್ದು ಮೈಲುತುತ್ತಿನ, ಅಂದರೆ ತಾಮ್ರದ ಸಲ್ಫೇಟಿನ, ವಿಷಯ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವ ತಾಮ್ರ ಮೀನುಗಳಿಗೆ ವಿಷ. ನೀರು ಮೃದುವಾಗಿದ್ದಷ್ಟೂ ಆ ವಿಷ ತೀವ್ರ. ಔಷಧಿ ಹೊಡೆಯುವ ದಿನಗಳಲ್ಲಿ ತೋಟದ ಪಕ್ಕದ ಹಳ್ಳದ ನೀರಾಗಲಿ ತೋಟದೊಳಗಿನ ತೆರೆದ ಬಾವಿಯ ನೀರಾಗಲಿ ತೊಟ್ಟಿಗೆ ಬೇಡ. ಊರಮನೆಯಲ್ಲಿ ಒಂದು ಆಷಾಢದಲ್ಲಿ, ದ್ರಾವಣ ಕಲಸಿದ್ದ ಬಾಲ್ದಿಯನ್ನು ಎರಡು ಸಲ ತೊಳೆದು ಅದರಲ್ಲೇ ನೀರು ಹೊತ್ತು ತಂದದ್ದರಿಂದ ನಾನು ಒಂದೇ ರಾತ್ರಿಯಲ್ಲಿ ಏಳು ಕೋರಿಡೋರಾಸ್‌ಗಳನ್ನು ಕಳೆದುಕೊಂಡೆ. ಅಂದಿನಿಂದ ತೊಟ್ಟಿಯ ಬಾಲ್ದಿ, ಪೈಪು, ಮಗ್ಗು ಎಲ್ಲವೂ ಬೇರೆ. ಅವುಗಳ ಮೇಲೆ ಬಣ್ಣದ ಗುರುತು ಹಾಕಿ ಬೇರೆ ಕೋಣೆಯಲ್ಲೇ ಇಡುತ್ತೇನೆ.

ತೊಟ್ಟಿ ಮತ್ತು ಅದರ ತಳ

ಮೂರು ಅಡಿ ಉದ್ದ, ಒಂದೂಕಾಲು ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ, ಅಂದರೆ ಸುಮಾರು 150 ಲೀಟರ್, ಈ ಕೂಟಕ್ಕೆ ಕನಿಷ್ಠ ಅಳತೆ ಎಂದು ನಾನು ಭಾವಿಸುತ್ತೇನೆ. ಇನ್ನೂ ದೊಡ್ಡದು ಮಾಡಿಸುವುದಾದರೆ ಎತ್ತರ ಹೆಚ್ಚಿಸುವ ಬದಲು ಉದ್ದ ಮತ್ತು ಅಗಲವನ್ನು ಹೆಚ್ಚಿಸಿ. ಮೀಸೆಮೀನಿಗೆ ಬೇಕಾದದ್ದು ನೆಲದ ವಿಸ್ತಾರ. ತುಂಬಿದ ತೊಟ್ಟಿ ಸ್ಟ್ಯಾಂಡು, ಕಲ್ಲು ಎಲ್ಲ ಸೇರಿ 200 ಕಿಲೋ ಹತ್ತಿರ ತೂಗುವುದರಿಂದ ಹಳೆಯ ಮನೆಯ ಮರದ ಉಪ್ಪರಿಗೆಯ ಮೇಲೆ ಇಡುವುದು ಬೇಡ.

ತಳಕ್ಕೆ ಎರಡು ಇಂಚು ನಯವಾದ ಹೊಯ್ಗೆ, ಅಂದರೆ ಮರಳು, ಬೇಕು. ಕೋರಿಡೋರಾಸ್ ಹೊಯ್ಗೆಯನ್ನು ಬಾಯಿಗೆ ತೆಗೆದುಕೊಂಡು ಕಿವಿರಿನ ಮೂಲಕ ಹೊರಬಿಟ್ಟು ಆಹಾರ ಹುಡುಕುವ ಮೀನು. ಚೂಪಾದ ಬಣ್ಣದ ಜಲ್ಲಿಯ ಮೇಲೆ ಕೊಳೆ ನಿಂತಾಗ ಅದರ ಮೀಸೆಗಳು ಸವೆದು ಗಾಯವಾಗುತ್ತವೆ. ಕಡಲ ತೀರದ ಹೊಯ್ಗೆಯಲ್ಲಿ ಉಪ್ಪೂ ಚಿಪ್ಪಿನ ಪುಡಿಯೂ ಇರುವುದರಿಂದ ಅದು ಸಲ್ಲದು. ಯಾವುದೇ ಹೊಯ್ಗೆಯನ್ನು ತಂದರೂ ಒಂದು ಚಮಚದ ಮೇಲೆ ವಿನೆಗರ್ ಹನಿಸಿ ನೋಡಿ, ನೊರೆ ಎದ್ದರೆ ಅದರಲ್ಲಿ ಸುಣ್ಣವಿದೆ ಎಂದರ್ಥ. ಚಿಪ್ಪನ್ನು ಚೀಲದಲ್ಲಿ ಅಳೆದು ಇಡುವುದು ಬೇರೆ, ತಳದ ತುಂಬ ಅಳತೆಯಿಲ್ಲದೆ ಹರಡುವುದು ಬೇರೆ.

ಈಗ ನೆಲ ಹಂಚುವ ಕೆಲಸ. ತೊಟ್ಟಿಯ ಉದ್ದವನ್ನು ಮನಸ್ಸಿನಲ್ಲೇ ಮೂರು ಪಾಲು ಮಾಡಿಕೊಳ್ಳಿ. ಒಂದು ತುದಿಯ ಪಾಲು ಸಿಕ್ಲಿಡ್‌ಗಳಿಗೆ: ಅಲ್ಲಿ ಚಪ್ಪಟೆ ಕಲ್ಲು, ಬಾಯಿ ಕೊರೆದ ತೆಂಗಿನ ಕರಟ, ಅಗಲ ಎಲೆಯ ಗಿಡಗಳು ಇರಲಿ. ಕರಟವನ್ನು ನಾರು ಕೆರೆದು ಎರಡು ಮೂರು ಸಲ ಕುದಿಸಿ, ಒಂದು ವಾರ ನೆನೆಸಿಟ್ಟರೆ ನೀರಿಗೆ ಬಣ್ಣ ಬಿಡುವುದು ಕಡಿಮೆಯಾಗುತ್ತದೆ. ಕರಟದ ಬಾಯಿಯನ್ನು ತೊಟ್ಟಿಯ ಪಕ್ಕದ ಗಾಜಿನ ಕಡೆಗೆ ತಿರುಗಿಸಿಡುವುದು ಮುಖ್ಯ, ಏಕೆಂದರೆ ಗುಹೆಯ ಬಾಯಲ್ಲಿ ನಿಂತ ಮೀನು ತನಗೆ ಕಾಣುವಷ್ಟು ನೆಲವನ್ನೆಲ್ಲ ತನ್ನದೆಂದು ಕಾಯುತ್ತದೆ. ನಡುವಿನ ಪಾಲಿನಲ್ಲಿ ನೋಟವನ್ನು ತಡೆಯುವ ಮರದ ಬೇರು, ಕಲ್ಲು, ದಟ್ಟ ಗಿಡ ಇರಲಿ. ಇನ್ನೊಂದು ತುದಿಯನ್ನು ಮೀಸೆಮೀನುಗಳಿಗೆ ಬರಿದಾಗಿ ಬಿಡಿ. ಬರಿ ಹೊಯ್ಗೆ, ಮೇಲೆ ನೆರಳು, ಅಲ್ಲಲ್ಲಿ ಒಣಗಿದ ಕಾಡು ಬಾದಾಮಿ ಎಲೆ, ಇಷ್ಟು ಸಾಕು. ಆ ಮರ ನಮ್ಮ ಕರಾವಳಿಯಲ್ಲಿ ಎಲ್ಲೆಲ್ಲೂ ಇದೆ. ತಾನಾಗಿ ಉದುರಿದ, ಕಂದು ಬಣ್ಣಕ್ಕೆ ತಿರುಗಿದ, ಔಷಧಿ ತಾಗದ ಎಲೆಗಳನ್ನಷ್ಟೇ ಆರಿಸಿ ತೊಳೆದು ಹಾಕಬೇಕು. ಕಡಲಲ್ಲಿ ತೇಲಿಬಂದ ಮರ ಎಷ್ಟೇ ಚೆಂದವಾಗಿದ್ದರೂ ಒಳಗೆ ಉಪ್ಪು ಹಿಡಿದಿರುತ್ತದೆ. ಚಿರೆಕಲ್ಲು ಕಾಲಕ್ರಮದಲ್ಲಿ ಪುಡಿ ಬಿಡುತ್ತದೆ, ಅದೂ ಬೇಡ.

ಫಿಲ್ಟರ್ ಮತ್ತು ಕಾಯುವಿಕೆ

ಒಂದು ಮುಖ್ಯ ಫಿಲ್ಟರಿನ ಜೊತೆಗೆ ಒಂದು ಸ್ಪಂಜು ಫಿಲ್ಟರ್ ಇರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಮಳೆಗೆ ಮರ ಬಿದ್ದು ಗಂಟೆಗಟ್ಟಲೆ, ಹಳ್ಳಿಗಳಲ್ಲಿ ದಿನಗಟ್ಟಲೆ, ಕರೆಂಟ್ ಇಲ್ಲದಿರುವುದು ನಮಗೆ ಹೊಸದಲ್ಲ. ಬ್ಯಾಟರಿಯಿಂದ ನಡೆಯುವ ಗಾಳಿಪಂಪನ್ನು ಸ್ಪಂಜಿಗೆ ಜೋಡಿಸಿದರೆ ಮೀನಿಗೆ ಆಮ್ಲಜನಕವೂ ಸಿಗುತ್ತದೆ, ಬ್ಯಾಕ್ಟೀರಿಯಾವೂ ಉಳಿಯುತ್ತದೆ. ಕರೆಂಟ್ ಇಲ್ಲದ ದಿನ ಆಹಾರ ಹಾಕಬೇಡಿ. ಮುಚ್ಚಿದ ಡಬ್ಬಿಯಂಥ ಕ್ಯಾನಿಸ್ಟರ್ ಫಿಲ್ಟರ್ ಬಹಳ ಹೊತ್ತು ನಿಂತಿದ್ದರೆ ಅದರೊಳಗಿನ ಕೊಳೆತ ನೀರನ್ನು ಚೆಲ್ಲಿ, ತೊಟ್ಟಿಯ ನೀರಿನಲ್ಲೇ ಸ್ಪಂಜು ಹಿಂಡಿ ತೊಳೆದು ಆಮೇಲೆ ಚಾಲೂ ಮಾಡಿ.

ತೊಟ್ಟಿ ಕಟ್ಟಿದ ಮೇಲೆ ನಾಲ್ಕರಿಂದ ಆರು ವಾರ ಮೀನಿಲ್ಲದೆ ನಡೆಸಬೇಕು. ದಿನವೂ ಚಿಟಿಕೆ ಆಹಾರ ಹಾಕಿ ಕೊಳೆಯಲು ಬಿಟ್ಟರೆ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದು ನೈಟ್ರೇಟ್ ಕಾಣಿಸಿಕೊಂಡ ಮೇಲಷ್ಟೇ ಮೀನು. ಈ ಕಾಯುವಿಕೆಗೆ ಅಡ್ಡದಾರಿ ಒಂದೇ: ಗೆಳೆಯರ ಆರೋಗ್ಯವಂತ ತೊಟ್ಟಿಯಲ್ಲಿ ನಡೆಯುತ್ತಿರುವ ಸ್ಪಂಜನ್ನು ಒದ್ದೆಯಾಗಿಯೇ ತಂದು ನಿಮ್ಮ ತೊಟ್ಟಿಯಲ್ಲಿ ನಡೆಸುವುದು.

ಯಾವ ಮೀನಿನ ಜೊತೆ ಯಾವುದು

ಸೌಮ್ಯ ಸಿಕ್ಲಿಡ್‌ಗಳನ್ನು ನಾನು ಎರಡು ಗುಂಪಾಗಿ ನೋಡುತ್ತೇನೆ: ನಡುನೀರಿನಲ್ಲಿ ಬಾಳುವವು, ನೆಲಕ್ಕೆ ಹತ್ತಿರ ಬಾಳುವವು. ಏಂಜೆಲ್ ಮೊದಲನೆಯ ಗುಂಪಿನದು. ಅದು ಎಲೆಯ ಮೇಲೋ ನೆಟ್ಟಗಿನ ಗಾಜಿನ ಮೇಲೋ ಮೊಟ್ಟೆಯಿಡುವುದರಿಂದ ಮೀಸೆಮೀನಿನೊಡನೆ ನೆಲಕ್ಕಾಗಿ ತಕರಾರು ಕಡಿಮೆ. ಮೊದಲ ಬಾರಿ ಈ ಕೂಟ ಕಟ್ಟುವವರಿಗೆ ನನ್ನ ಸಲಹೆ ಏಂಜೆಲ್ ಮತ್ತು ಸ್ಟರ್ಬಾಯ್ ಕೋರಿಡೋರಾಸ್. ಕಾರವಾರ, ಅಂಕೋಲೆಗಳ ಬೇಸಿಗೆಯಲ್ಲಿ ತೊಟ್ಟಿಯ ನೀರು ಸುಲಭವಾಗಿ 29, 30 ಡಿಗ್ರಿ ಮುಟ್ಟುತ್ತದೆ; ಕೋರಿಡೋರಾಸ್‌ಗಳಲ್ಲಿ ಬೆಚ್ಚಗಿನ ನೀರನ್ನು ಚೆನ್ನಾಗಿ ತಾಳಿಕೊಳ್ಳುವುದು ಸ್ಟರ್ಬಾಯ್. ಚುಕ್ಕೆಯ ಪೆಪ್ಪರ್ಡ್ ಕೋರಿಡೋರಾಸ್ ತಂಪು ಬಯಸುವ ಮೀನು, ಅದು ಶಿರಸಿ, ಸಿದ್ದಾಪುರಗಳ ಮನೆಗೆ ಸರಿಯೇ ಹೊರತು ಕಡಲ ದಂಡೆಗಲ್ಲ. ಕಂಚುಬಣ್ಣದ ಕೋರಿಡೋರಾಸ್ ಇವೆರಡರ ನಡುವಿನದು.

ಕೀಹೋಲ್ ಸಿಕ್ಲಿಡ್ ಇದ್ದುದರಲ್ಲೇ ಅತ್ಯಂತ ಸಾಧು, ಹೆದರಿಕೆಯ ಮೀನು ಎಂದರೂ ತಪ್ಪಲ್ಲ, ಸಿಕ್ಕರೆ ಬಿಡಬೇಡಿ. ಬೊಲಿವಿಯನ್ ರ‍್ಯಾಮ್ ನೆಲದ ಮೇಲೆಯೇ ಓಡಾಡಿದರೂ ಬೆದರಿಸುತ್ತದೆಯೇ ವಿನಾ ಕಚ್ಚುವುದು ಅಪರೂಪ. ನೀಲಿ ರ‍್ಯಾಮ್‌ಗೆ 27ರಿಂದ 30 ಡಿಗ್ರಿ ಬೇಕು, ಹಳೆಯದಾದ ಸ್ಥಿರ ತೊಟ್ಟಿ ಬೇಕು, ಹೊಸಬರಿಗೆ ಬೇಡ. ಆಫ್ರಿಕದ ಕ್ರಿಬೆನ್ಸಿಸ್ ಸೌಮ್ಯವೆಂದು ಮಾರಾಟವಾಗುತ್ತದೆ, ಜೋಡಿಯಾಗುವವರೆಗೆ ಅದು ನಿಜವೂ ಹೌದು. ಆಮೇಲಿನ ಕಥೆಯನ್ನು ಮುಂದೆ ಹೇಳುತ್ತೇನೆ. ಮಲಾವಿ ಸರೋವರದ ಬಣ್ಣದ ಸಿಕ್ಲಿಡ್‌ಗಳಿಗೆ ಗಡಸು, ಕ್ಷಾರೀಯ ನೀರು ಬೇಕಾದ್ದರಿಂದಲೂ ಅವುಗಳ ಉಗ್ರ ಸ್ವಭಾವದಿಂದಲೂ ಅವು ಈ ಕೂಟಕ್ಕೆ ಸೇರವು.

ನಮ್ಮದೇ ಸಿಕ್ಲಿಡ್‌ಗಳ ಬಗ್ಗೆ ಒಂದು ಮಾತು. ಭಾರತಕ್ಕೆ ಸಹಜವಾದ ಸಿಕ್ಲಿಡ್‌ಗಳು ಮೂರೇ. ಕೇರಳದವರು ಕರಿಮೀನು ಎನ್ನುವುದು ಒಂದು, ಚಿಕ್ಕದಾದ ಕಿತ್ತಳೆ ಕ್ರೋಮೈಡ್ ಇನ್ನೊಂದು, 1877ರಲ್ಲಿ ಮೀನುವಿಜ್ಞಾನಿ ಫ್ರಾನ್ಸಿಸ್ ಡೇ ಅವರು ಕೆನರಾದ ಹೆಸರಿಟ್ಟು ವರ್ಣಿಸಿದ ಎಟ್ರೋಪ್ಲಸ್ ಕೆನರೆನ್ಸಿಸ್ ಮೂರನೆಯದು. ಮೊದಲನೆಯದು ತಟ್ಟೆಯಷ್ಟು ಬೆಳೆಯುವುದರಿಂದ ಮನೆಯ ತೊಟ್ಟಿಗೆ ಸಲ್ಲದು. ಸುಮಾರು 8 ಸೆಂಟಿಮೀಟರ್ ಬೆಳೆಯುವ ಕಿತ್ತಳೆ ಕ್ರೋಮೈಡ್ ಮಾತ್ರ ಅಂದವಾದ, ಗುಂಪಿನಲ್ಲಿ ಶಾಂತವಾದ ಮೀನು. ಆದರೆ ಅದು ಹಿನ್ನೀರಿನ ಸವಳು ನೀರಿಗೂ ಒಗ್ಗಿದ್ದು, ತೀರ ಮೃದು ಆಮ್ಲೀಯ ನೀರಿನಲ್ಲಿ ಬಳಲುತ್ತದೆ. ಅದಕ್ಕಾಗಿ ಉಪ್ಪು ಹಾಕಿದರೆ ಕೋರಿಡೋರಾಸ್ ಉಳಿಯುವುದಿಲ್ಲ. ಅದಕ್ಕೆ ಪ್ರತ್ಯೇಕ ತೊಟ್ಟಿ ಮಾಡುವುದೇ ಗೌರವ.

ಮೀಸೆಮೀನುಗಳಲ್ಲಿ ಕೋರಿಡೋರಾಸ್ ಒಂದೇ ಜಾತಿಯವು ಆರಕ್ಕೆ ಕಡಿಮೆ ಇಲ್ಲದಂತೆ ಇರಬೇಕು. ಎರಡೆರಡು ತಂದರೆ ಅವು ಮೂಲೆ ಹಿಡಿದು ಕೂರುತ್ತವೆ. ಏಂಜೆಲ್ ಜೊತೆಗೆ ಪಿಗ್ಮಿ ಕೋರಿಡೋರಾಸ್, ಓಟೋಸಿಂಕ್ಲಸ್‌ನಂಥ ಪುಟ್ಟ ಮೀನುಗಳು ಬೇಡ: ದೊಡ್ಡ ಏಂಜೆಲ್ ನುಂಗಲು ಹೋದಾಗ ಅವುಗಳ ಮುಳ್ಳು ಗಂಟಲಲ್ಲಿ ಸಿಕ್ಕಿ ಎರಡೂ ಸಾಯುತ್ತವೆ. ಪಾಚಿ ತಿನ್ನಲು ಒಂದೇ ಒಂದು ಬ್ರಿಸಲ್‌ನೋಸ್ ಸಾಕು, ಅದಕ್ಕೆ ಕೆರೆಯಲು ಮರದ ಬೇರು ಇರಬೇಕು. ಅಂಗಡಿಯಲ್ಲಿ ಸಕ್ಕರ್ ಎಂದು ಕೊಡುವ ಮೀನು ಒಂದೂವರೆ ಅಡಿ ಮುಟ್ಟಬಲ್ಲದು. ಶಾರ್ಕ್ ಎಂದು ಕೊಡುವ ಪಂಗಾಸಿಯಸ್, ಕೆಂಪು ಬಾಲದ ಕ್ಯಾಟ್‌ಫಿಶ್‌ಗಳು ಒಂದು ಮೀಟರ್ ದಾಟುತ್ತವೆ. ಇವು ಈಗಾಗಲೇ ಮನೆಯಲ್ಲಿದ್ದರೆ ಅಂಗಡಿಗೆ ಮರಳಿಸಿ, ಕಾಳಿ ನದಿಗೋ ಊರ ಕೆರೆಗೋ ಬಿಡಬೇಡಿ. ಗದ್ದೆ ಹಳ್ಳಗಳಲ್ಲಿ ಸಿಗುವ ಚೇಳು ಮೀನು, ಗಿರ್ಲು ಜಾತಿಗಳು ರಾತ್ರಿ ಬೇಟೆಯಾಡುವಂಥವು, ಅವೂ ಬೇಡ.

150 ಲೀಟರಿಗೆ ನನ್ನ ಲೆಕ್ಕ: ಒಂದು ಜೋಡಿ ಏಂಜೆಲ್ ಅಥವಾ ಒಂದು ಜೋಡಿ ಬೊಲಿವಿಯನ್ ರ‍್ಯಾಮ್, ಎಂಟು ಕೋರಿಡೋರಾಸ್, ಒಂದು ಬ್ರಿಸಲ್‌ನೋಸ್. ಎರಡು ಸಿಕ್ಲಿಡ್ ಜಾತಿಗಳನ್ನು ಸೇರಿಸುವ ಆಸೆಯನ್ನು ನಾಲ್ಕಡಿ ತೊಟ್ಟಿ ಬರುವವರೆಗೆ ತಡೆಯಿರಿ.

ತಂದು ಬಿಡುವ ಕ್ರಮ

ಮೊದಲು ಮೀಸೆಮೀನುಗಳು, ಮೂರು ನಾಲ್ಕು ವಾರದ ಮೇಲೆ ಸಿಕ್ಲಿಡ್‌ಗಳು. ಈ ಕ್ರಮವನ್ನು ತಿರುವುಮುರುವು ಮಾಡಿದರೆ ಸಿಕ್ಲಿಡ್ ಇಡೀ ನೆಲವನ್ನು ಮೊದಲೇ ತನ್ನದಾಗಿಸಿಕೊಂಡಿರುತ್ತದೆ. ಹುಬ್ಬಳ್ಳಿಯ ಕಡೆಯಿಂದ ತಂದ ಮೀನು ಗಡಸು ನೀರಿಗೆ ಒಗ್ಗಿರುವ ಸಾಧ್ಯತೆ ಹೆಚ್ಚು. ಅಂಗಡಿಯ ನೀರಿನ ಟಿಡಿಎಸ್ ಅಳೆದು ನೋಡಿ, ವ್ಯತ್ಯಾಸ ದೊಡ್ಡದಿದ್ದರೆ ಪ್ರತ್ಯೇಕ ತೊಟ್ಟಿಯಲ್ಲಿ ಕೆಲವು ದಿನಗಳಲ್ಲಿ ನಿಧಾನವಾಗಿ ನಿಮ್ಮ ನೀರಿಗೆ ಹೊಂದಿಸಿ. ಆ ಪ್ರತ್ಯೇಕ ತೊಟ್ಟಿಯಲ್ಲೇ ಮೂರು ವಾರ ಇರಿಸಿದರೆ ಬಿಳಿ ಚುಕ್ಕೆ ರೋಗವಿದ್ದರೂ ಗೊತ್ತಾಗುತ್ತದೆ. ಮೀಸೆಮೀನುಗಳು ಉಪ್ಪು, ತಾಮ್ರ, ಮ್ಯಾಲಕೈಟ್ ಗ್ರೀನ್‌ಗಳಿಗೆ ಸೂಕ್ಷ್ಮ, ಆದ್ದರಿಂದ ಎಲ್ಲರೂ ಸೇರಿದ ತೊಟ್ಟಿಗೆ ಔಷಧಿ ಹಾಕುವ ಪ್ರಮೇಯವೇ ಬರಬಾರದು. ಕೋರಿಡೋರಾಸ್ ಹಿಡಿಯಲು ಬಲೆ ಬಳಸಿದರೆ ಅದರ ರೆಕ್ಕೆಯ ಮುಳ್ಳು ಸಿಕ್ಕಿಕೊಳ್ಳುತ್ತದೆ, ಪ್ಲಾಸ್ಟಿಕ್ ಡಬ್ಬಿಯೊಳಕ್ಕೆ ಓಡಿಸಿ ಹಿಡಿಯಿರಿ.

ಆಹಾರ

ಮೀಸೆಮೀನು ಉಳಿದದ್ದನ್ನು ತಿಂದು ಬದುಕುತ್ತದೆ ಎಂಬುದು ತಪ್ಪು ತಿಳಿವಳಿಕೆ. ಎಷ್ಟೋ ಕೋರಿಡೋರಾಸ್‌ಗಳು ಹೊಟ್ಟೆ ಒಳಸೇರಿ ಸಾಯುವುದು ಇದರಿಂದಲೇ. ಸಂಜೆ ಸಿಕ್ಲಿಡ್‌ಗಳಿಗೆ ಅವುಗಳ ತುದಿಯಲ್ಲಿ ತೇಲುವ ಆಹಾರ ಕೊಟ್ಟು, ದೀಪ ಆರಿಸಿ ಅರ್ಧ ಗಂಟೆಯ ಮೇಲೆ ಇನ್ನೊಂದು ತುದಿಯಲ್ಲಿ ಮುಳುಗುವ ಮಾತ್ರೆಗಳನ್ನು ಹಾಕಿ. ವಾರಕ್ಕೆರಡು ಸಲ, ನಮ್ಮ ಕಡೆ ಶೆಟ್ಲಿ ಎನ್ನುವ ಸೀಗಡಿಯನ್ನು ಸುಲಿದು, ಸಿಹಿನೀರಿನಲ್ಲಿ ತೊಳೆದು, ಫ್ರೀಜರಿನಲ್ಲಿ ಇಟ್ಟು, ಸಣ್ಣಗೆ ಹೆಚ್ಚಿ ಕೊಡಬಹುದು. ಬ್ರಿಸಲ್‌ನೋಸ್‌ಗೆ ಸೌತೆಕಾಯಿಯ ಹೋಳು ಇಷ್ಟ. ಬೆಳಿಗ್ಗೆ ಉಳಿಕೆಯನ್ನು ಮರೆಯದೆ ತೆಗೆಯಿರಿ.

ಸೆಕೆ ಮತ್ತು ಚಳಿ

ನೀರಿನ ಮೇಲೆ ಫ್ಯಾನ್ ಹಾಕಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ ಎಂಬ ಸಲಹೆ ಒಣ ಹವೆಯ ಊರುಗಳದ್ದು. ಕರಾವಳಿಯ ಮೇ ತಿಂಗಳ ತೇವದಲ್ಲಿ ನೀರು ಆವಿಯಾಗುವುದೇ ಕಡಿಮೆ, ಹಾಗಾಗಿ ಇಳಿಕೆಯೂ ಕಡಿಮೆ. ಅದಕ್ಕಿಂತ ತೊಟ್ಟಿಯನ್ನು ಪಡುವಣ ಗೋಡೆಯಿಂದ ದೂರ ಇಡುವುದು, ದೀಪದ ಅವಧಿ ತಗ್ಗಿಸುವುದು, ಗಾಳಿಯ ಗುಳ್ಳೆ ಹೆಚ್ಚಿಸುವುದು ಹೆಚ್ಚು ಫಲಕಾರಿ. ಕೋರಿಡೋರಾಸ್ ಆಗಾಗ ಮೇಲಕ್ಕೆ ಚಿಮ್ಮಿ ಗಾಳಿ ನುಂಗುವುದು ಸಹಜ, ಅದರ ಕರುಳು ಆ ಗಾಳಿಯಿಂದ ಆಮ್ಲಜನಕ ಹೀರುತ್ತದೆ. ಆದರೆ ಇಡೀ ಗುಂಪು ಮತ್ತೆ ಮತ್ತೆ ಚಿಮ್ಮುತ್ತಿದ್ದರೆ ನೀರಿನಲ್ಲಿ ಆಮ್ಲಜನಕ ಸಾಲುತ್ತಿಲ್ಲ ಎಂದು ತಿಳಿಯಿರಿ. ಸುಮಾರು 600 ಮೀಟರ್ ಎತ್ತರದ ಶಿರಸಿಯಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳಿಗೆ 150 ವ್ಯಾಟಿನ ಹೀಟರ್ ಬೇಕೇ ಬೇಕು.

ಮೊಟ್ಟೆಯಿಟ್ಟಾಗ

ಎಲ್ಲ ಸಿದ್ಧತೆಯ ಪರೀಕ್ಷೆ ಆಗುವುದು ಈ ಹೊತ್ತಿನಲ್ಲಿ. ನನ್ನ ಹಳೆಯ ಎರಡೂವರೆ ಅಡಿ ತೊಟ್ಟಿಯಲ್ಲಿ ಕ್ರಿಬೆನ್ಸಿಸ್ ಜೋಡಿಯೊಂದು ಕರಟದಲ್ಲಿ ಮೊಟ್ಟೆಯಿಟ್ಟಿತು. ಕರಟದ ಬಾಯಿ ಹೊರಗಿನ ನೆಲಕ್ಕೆ ತೆರೆದಿತ್ತು. ಸಿಕ್ಲಿಡ್ ಕಿವಿರು ಅರಳಿಸಿ ಹೆದರಿಸಿದರೆ ಬೇರೆ ಮೀನುಗಳು ಸರಿಯುತ್ತವೆ; ಮೈಮೇಲೆ ಕವಚ ಹೊತ್ತ ಕೋರಿಡೋರಾಸ್ ಆ ಸೂಚನೆಯನ್ನು ಲೆಕ್ಕಿಸದೆ ಮೊಟ್ಟೆಯ ವಾಸನೆ ಹಿಡಿದು ಮುಂದುವರಿಯಿತು. ಕಣ್ಣಿಗೆ ಮಾತ್ರ ಕವಚವಿಲ್ಲ. ಬೆಳಗಾಗುವಷ್ಟರಲ್ಲಿ ಎರಡು ಕೋರಿಡೋರಾಸ್‌ಗಳು ಕಣ್ಣು ಕಳೆದುಕೊಂಡಿದ್ದವು. ಆ ನೋವು ಇನ್ನೂ ನನ್ನಲ್ಲಿದೆ, ನೆಲದ ಬಗ್ಗೆ ಇಷ್ಟು ಒತ್ತಿ ಬರೆಯಲು ಅದೇ ಕಾರಣ.

ಸಿಕ್ಲಿಡ್ ಜೋಡಿ ಕಲ್ಲನ್ನು ಉಜ್ಜಿ ಸ್ವಚ್ಛಮಾಡುತ್ತಿರುವುದೋ, ಗುಹೆಯಿಂದ ಹೊಯ್ಗೆ ಹೊರಹಾಕುತ್ತಿರುವುದೋ ಕಂಡ ದಿನವೇ ಕೆಲಸ ಮಾಡಿ. ಮೊಟ್ಟೆ ಬೇಡವಾದರೆ ಆ ಕಲ್ಲನ್ನು ಅಥವಾ ಕರಟವನ್ನು ತೆಗೆದುಬಿಡಿ, ಒಂದೆರಡು ದಿನದಲ್ಲಿ ಜೋಡಿ ತಣ್ಣಗಾಗುತ್ತದೆ. ಮರಿ ಬೇಕಾದರೆ ಮೀಸೆಮೀನುಗಳನ್ನು ಡಬ್ಬಿಯಲ್ಲಿ ಹಿಡಿದು ಪ್ರತ್ಯೇಕ ತೊಟ್ಟಿಗೆ ಸಾಗಿಸಿ. ನಡುವೆ ರಂಧ್ರವಿರುವ ಪ್ಲಾಸ್ಟಿಕ್ ಜಾಲರಿಯನ್ನು ನಿಲ್ಲಿಸಿ ತೊಟ್ಟಿಯನ್ನು ಎರಡು ಮಾಡಿದರೂ ಆದೀತು, ಆದರೆ ಜಾಲರಿಯ ಕೆಳತುದಿ ಹೊಯ್ಗೆಯೊಳಗೆ ಒಂದಿಂಚು ಹೂತಿರಬೇಕು, ಇಲ್ಲದಿದ್ದರೆ ಕೋರಿಡೋರಾಸ್ ಅದರಡಿ ನುಸುಳುತ್ತದೆ.

ಮೊಟ್ಟೆಯ ಸುಳಿವು ಇರಲಿ ಬಿಡಲಿ, ವಾರಕ್ಕೊಂದು ರಾತ್ರಿ ದೀಪ ಆರಿಸಿ ಒಂದು ಗಂಟೆಯ ನಂತರ ಸಣ್ಣ ಟಾರ್ಚಿಗೆ ಕೆಂಪು ಕಾಗದ ಸುತ್ತಿ ತೊಟ್ಟಿಯ ಮುಂದೆ ಕುಳಿತುಕೊಳ್ಳಿ. ಕೋರಿಡೋರಾಸ್‌ಗಳನ್ನು ಒಂದೊಂದಾಗಿ ಎಣಿಸಿ, ಬೆನ್ನುರೆಕ್ಕೆ ಹರಿದಿದೆಯೇ, ಮೀಸೆ ಗಿಡ್ಡವಾಗಿದೆಯೇ, ಯಾವುದಾದರೂ ಒಂಟಿಯಾಗಿ ಮೇಲ್ಮೂಲೆಯಲ್ಲಿ ನಿಂತಿದೆಯೇ ನೋಡಿ. ರೆಕ್ಕೆ ಹರಿದ ಮೀನು ಒಂದೇ ಕಂಡರೂ ಮರುದಿನ ಬೆಳಿಗ್ಗೆ ಕಲ್ಲು ಬೇರುಗಳ ಜಾಗ ಬದಲಿಸಿ; ಹಳೆಯ ಗುರುತುಗಳು ಅಳಿದ ಮೇಲೆ ಸಿಕ್ಲಿಡ್ ಹೊಸದಾಗಿ ಜಾಗ ಹುಡುಕಬೇಕಾಗುತ್ತದೆ, ಅಷ್ಟರಲ್ಲಿ ಗಾಯಗೊಂಡ ಮೀನು ಚೇತರಿಸಿಕೊಳ್ಳುತ್ತದೆ.